ಸೊನ್ನೆ ಗಾನು, ಆಮೇಲೆ?

2014ರ ನವೆಂಬರ್ 1ರಂದು ನಮ್ಮ ಬೆಂಗಳೂರು ಇಂಗ್ಲಿಷಿನಲ್ಲಿಯೂ ಬೆಂಗಳೂರೇ ಆಯಿತು. ರಾಜ್ಯದ ಹನ್ನೆರಡು ಊರುಗಳ ಹೆಸರು ಒಮ್ಮೆಗೇ ಬದಲಾದ ಆ ದಿನ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಒಂದು ಅಣಕವಾಡು ಬರೆದು ಹಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಊರಿನ ಹೆಸರಿನ ತಮಾಷೆ ಹಾಡೆಂದರೆ ನನಗೆ ಮೊದಲು ನೆನಪಾಗುವುದು ಇಸ್ತಾಂಬುಲ್. 1928ರಲ್ಲಿ ಹ್ಯಾರಿ ಕಾರ್ಲ್‌ಟನ್ ಬರೆದ 'ಕಾನ್‌ಸ್ಟಾಂಟಿನೋಪಲ್' ಹಾಡಿನ ಸ್ವಾರಸ್ಯವೆಲ್ಲ ಆ ಉದ್ದನೆಯ ಹೆಸರಿನ ಸ್ಪೆಲಿಂಗನ್ನು ರಾಗವಾಗಿ ಒಪ್ಪಿಸುವುದರಲ್ಲಿತ್ತು. ಎರಡೇ ವರ್ಷಗಳಲ್ಲಿ ಟರ್ಕಿ ದೇಶವು ಇಸ್ತಾಂಬುಲ್ ಎಂದೇ ಬರೆಯಬೇಕೆಂದು ಹೊರಗಿನವರಿಗೆ ತಿಳಿಸಿತು. 1953ರಲ್ಲಿ ಜಿಮ್ಮಿ ಕೆನಡಿ ಮತ್ತು ನ್ಯಾಟ್ ಸೈಮನ್ ಕಟ್ಟಿ, ಕೆನಡಾದ 'ಫೋರ್ ಲ್ಯಾಡ್ಸ್' ತಂಡ ಹಾಡಿದ 'ಇಸ್ತಾಂಬುಲ್' ಹಾಡು ಹಳೆಯದಕ್ಕೆ ಕೊಟ್ಟ ಜವಾಬೆಂದೇ ಹೆಸರಾಗಿದೆ. ನ್ಯೂಯಾರ್ಕ್ ಕೂಡ ಹಿಂದೆ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿತ್ತಲ್ಲ ಎಂದು ಅದು ತುಂಟತನದಿಂದ ನೆನಪಿಸುತ್ತದೆ.

ಆ 'ಕಾನ್‌ಸ್ಟಾಂಟಿನೋಪಲ್' ಧಾಟಿಗೇ ಟಿ. ಪಿ. ಕೈಲಾಸಂ 'ಕೋಳೀಕೆ ರಂಗ'ನನ್ನು ಕಟ್ಟಿದರೆಂಬ ಮಾತು ನಮ್ಮಲ್ಲಿ ಪ್ರಸಿದ್ಧ. ಲಂಡನ್ನಿನಲ್ಲಿ ಭೂವಿಜ್ಞಾನ ಓದುವಾಗ ಅವರು ಅದನ್ನು ಕೇಳಿರಬೇಕೆಂದು ನಾನು ಬಹುಕಾಲ ನಂಬಿದ್ದೆ. ಆದರೆ ಕಾರ್ಲ್‌ಟನ್ನನ ಹಾಡು ಬರುವ ಹೊತ್ತಿಗೆ ಅವರು ಊರಿಗೆ ಮರಳಿ ಹತ್ತು ವರ್ಷ ದಾಟಿತ್ತು. ನುಡಿದಂತೆ ಬರೆಯುವ ಕನ್ನಡದಲ್ಲಿ ಸ್ಪೆಲಿಂಗಿನ ತಮಾಷೆಗೆ ಎಡೆಯೇ ಇಲ್ಲ. ಆದರೂ ಕೈಲಾಸಂ ಹಳ್ಳಿಯ ರಂಗನ ಬಾಯಲ್ಲಿ ಅವನ ಹೆಸರನ್ನೇ ಅಕ್ಷರ ಬಿಡಿಸಿ ಹಾಡಿಸಿ, ಅಕ್ಷರಕ್ಕೊಂದು 'ನು' ಸೇರಿಸಿ, ಅನುಸ್ವಾರವನ್ನು 'ಸೊನ್ನೆ'ಯಾಗಿಸಿ, ಮೂಲದಲ್ಲಿಲ್ಲದ ನಗೆಯನ್ನು ಹುಟ್ಟಿಸಿದರು.

ರಂಗನಲ್ಲಿರುವ ಸೊನ್ನೆಯೂ ಗಕಾರವೂ ಬೆಂಗಳೂರಿನಲ್ಲಿಯೂ ಇವೆಯೆಂದು ಹೊಳೆದಾಗ ಅರ್ಧ ಕೆಲಸ ಮುಗಿಯಿತೆಂದು ಹಿಗ್ಗಿದೆ. 'ಬೇನು ಸೊನ್ನೆ ಗಾನು ಳೂನು ರೂನು' ಎಂದು ಬರೆದುಕೊಂಡು, ಕನ್ನಡಿಯ ಮುಂದೆ ನಾಲ್ಕು ಸಲ ಹಾಡಿ ನೋಡಿದೆ. ಒಬ್ಬನೇ ಹಾಡುವಾಗ ಅದು ಚೆನ್ನಾಗಿಯೇ ಇತ್ತು.

ಸಂಜೆ ಮೈಕ್ ಹಿಡಿದು ಎರಡನೆಯ ಸಾಲಿಗೆ ಬರುವಷ್ಟರಲ್ಲಿ, ಧಾಟಿಯ ಗುರುತು ಹತ್ತಿದ ಹಿರಿಯರೆಲ್ಲ ಚಪ್ಪಾಳೆ ತಟ್ಟುತ್ತ ದನಿಗೂಡಿಸಿದರು. ತೊಡಕಾದದ್ದು ಅಲ್ಲಿಯೇ. ಚಿಕ್ಕಂದಿನಿಂದ ರಂಗನನ್ನು ಹಾಡಿದವರ ನಾಲಿಗೆಗೆ 'ಸೊನ್ನೆ ಗಾನು' ಎಂದರೆ ಸಾಲು ಮುಗಿಯಿತೆಂದೇ ಅರ್ಥ. ಸಭೆಯೆಲ್ಲ 'ಸೊನ್ನೆ ಗಾನು' ಎಂದು ಗಟ್ಟಿಯಾಗಿ ಕೂಗಿ ನಿಂತಿತು, ಹಾರ್ಮೋನಿಯಂ ಕೂಡ ನಿಂತಿತು. 'ಳೂನು ರೂನು' ಎಂಬ ನನ್ನ ಒಂಟಿ ದನಿ ಮಾತ್ರ ಮೈಕಿನಲ್ಲಿ ಮೊಳಗಿತು. ಮುಂದಿನ ಸಾಲನ್ನು ಮಂಗಳೂರಿಗೆಂದು ಬರೆದಿದ್ದೆ. ಅದರ ಗತಿಯೂ ಅದೇ.

ಕೆಳಗಿಳಿದಾಗ ಮೊದಲನೆಯ ಮಹಡಿಯ ತಾತ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಧಾಟಿ ಕೊನೆಗೆ ಸೊನ್ನೆ, ಗ ಕೇಳುತ್ತಪ್ಪಾ. ನೀನು ಶಿವಗಂಗೆ ಮೇಲೆ ಬರೀಬೇಕಿತ್ತು."

"ಅದರ ಹೆಸರನ್ನ ಬದಲಾಯಿಸಲಿಲ್ಲವಲ್ಲ ತಾತ," ಎಂದೆ.