ತೋಳದ ಪಾಲು

2021ರ ಫೆಬ್ರವರಿ 21, ಭಾನುವಾರ ಸಂಜೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದೆ ಒಂದು ಪಿಕಪ್ ನಿಂತಿತ್ತು. ಹಿಂದೆ ಸಾಲಾಗಿ ಪೆಟ್ಟಿಗೆ, ಪ್ರತಿ ಪೆಟ್ಟಿಗೆಯ ತೂತಿನಲ್ಲೂ ಒಂದೊಂದು ಒದ್ದೆ ಮೂಗು. ಬೇಟೆನಾಯಿಗಳು. ಗಾಡಿಯವನು ಒಂದನ್ನು ಕಾಲಾಡಿಸಲು ಇಳಿಸಿದ್ದ. ಕೊರಳಲ್ಲಿ ಆಂಟೆನಾ ಇದ್ದ ಜಿಪಿಎಸ್ ಪಟ್ಟಿ. ಎಲ್ಲಿಗೆ ಅಂದೆ. "ಉತ್ತರಕ್ಕೆ, ತೋಳಕ್ಕೆ" ಅಂದ, ಮೀನು ಹಿಡಿಯಲು ಹೊರಟವನಂತೆ.

ಮರುದಿನ ವಿಸ್ಕಾನ್ಸಿನ್‌ನಲ್ಲಿ ತೋಳದ ಬೇಟೆ ಶುರು. ಜನವರಿಯಲ್ಲಷ್ಟೇ ಕೇಂದ್ರ ಸರ್ಕಾರ ಬೂದು ತೋಳವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ತೆಗೆದಿತ್ತು. ಪಟ್ಟಿಯಲ್ಲಿಲ್ಲ ಅಂದರೆ ಬೇಟೆ ನಡೆಸಲೇಬೇಕು ಅನ್ನುತ್ತದೆ ಇಲ್ಲಿನ 2012ರ ಕಾನೂನು. ರಾಜ್ಯದವರು ನವೆಂಬರ್‌ವರೆಗೆ ಕಾಯೋಣ ಅಂದುಕೊಂಡಿದ್ದರು. ಬೇಟೆಗಾರರ ಪರ ಗುಂಪೊಂದು ಕೋರ್ಟಿಗೆ ಹೋಯಿತು, ಈಗಲೇ ನಡೆಸಿ ಅಂತ ಆದೇಶವಾಯಿತು. ಫೆಬ್ರವರಿ ತೋಳಗಳು ಜೋಡಿ ಕೂಡುವ ಕಾಲ. ಹೊಸ ಹಿಮದಲ್ಲಿ ಹೆಜ್ಜೆ ಅಚ್ಚೊತ್ತಿದಂತೆ ಕಾಣುತ್ತದೆ. ಅದರ ಮೇಲೆ ನಾಯಿ ಬಿಡುವುದು, ಫೋನಿನಲ್ಲಿ ನಾಯಿ ಎಲ್ಲಿದೆ ನೋಡುತ್ತ ಗಾಡಿಯಲ್ಲಿ ಹಿಂಬಾಲಿಸುವುದು. ತೋಳದ ಬೇಟೆಗೆ ನಾಯಿ ಬಿಡಲು ಅವಕಾಶವಿದ್ದ ರಾಜ್ಯ ಇದೊಂದೇ. ಇನ್ನೊಂದು ಮಾತು: ಕರಡಿ ಬೇಟೆಗೆ ಬಿಟ್ಟ ನಾಯಿಯನ್ನು ತೋಳ ಕೊಂದರೆ ಸರ್ಕಾರ 2,500 ಡಾಲರ್‌ವರೆಗೆ ಪರಿಹಾರ ಕೊಡುತ್ತದೆ!

ಲೆಕ್ಕ ಹೀಗಿತ್ತು. ಒಟ್ಟು 200 ತೋಳ ಹೊಡೆಯಬಹುದು. ಅಮೆರಿಕ ಸರ್ಕಾರದ ಜೊತೆಗಿನ ಹಳೆಯ ಒಪ್ಪಂದಗಳ ಪ್ರಕಾರ ಅದರಲ್ಲಿ ಒಜಿಬ್ವೆ ಮೂಲನಿವಾಸಿಗಳ ಪಾಲು 81. ಮಿಕ್ಕ 119 ಬೇಟೆಗಾರರಿಗೆ. ತೋಳ ಒಜಿಬ್ವೆಗಳಿಗೆ ಒಡಹುಟ್ಟು, 'ಮಾಇಂಗನ್' ಅನ್ನುತ್ತಾರೆ. ಭೂಮಿಯ ಮೇಲೆ ಮೊದಲ ಮನುಷ್ಯ ಅದರ ಜೊತೆಗೇ ನಡೆದಾಡಿದ, ಅದಕ್ಕೆ ಆಗಿದ್ದು ತಮಗೂ ಆಗುತ್ತದೆ ಅಂತ ಅವರ ನಂಬಿಕೆ. ತಮ್ಮ 81ನ್ನು ಅವರು ಕೇಳಿ ಪಡೆದದ್ದೇ ಕೊಲ್ಲದೆ ಉಳಿಸಲಿಕ್ಕೆ.

ಮೂರು ದಿನ ತುಂಬುವ ಮೊದಲೇ ಸತ್ತ ತೋಳಗಳು 218. ಬೇಟೆ ನಿಲ್ಲಿಸಲು 24 ತಾಸು ಮುಂಚೆ ಹೇಳಬೇಕೆಂಬ ನಿಯಮ. ಹೇಳಿ ನಿಲ್ಲಿಸುವಷ್ಟರಲ್ಲಿ ಒಜಿಬ್ವೆಗಳ ಪಾಲೂ ಮುಗಿದು ಮೇಲೆ 18 ಹೋಗಿತ್ತು. ತೋಳ ಹಳ್ಳಕ್ಕೆ ಬಿದ್ರೆ ಆಳಿಗೊಂದು ಕಲ್ಲು ಅಂತಾರಲ್ಲ, ಇಲ್ಲಿ ಆ ಕಲ್ಲಿಗೂ ಲೈಸೆನ್ಸ್ ಇತ್ತು.

ಆ ರಾತ್ರಿ ನೆನಪಾದದ್ದು ಗಂಗಾವತಿ ಕಡೆ ಕುರಿ ಕಾಯುತ್ತಿದ್ದ ನನ್ನಜ್ಜ. ಹಟ್ಟಿಯಿಂದ ಮರಿ ಹೋದ ದಿನ ಹುಡುಗರು ಬಡಿಗೆ ಹಿಡಿದರೆ "ಬಿಡ್ರೋ, ತನ್ನ ಪಾಲು ತಾ ಒಯ್ದೈತಿ" ಅನ್ನುತ್ತಿದ್ದ. ಹಾಗಂತ ನಮ್ಮವರೆಲ್ಲ ಸಂತರಲ್ಲ. ಗವಿಗೆ ಹೊಗೆ ಹಾಕಿ ಮರಿ ಕೊಂದವರೂ ಅದೇ ಸೀಮೆಯಲ್ಲಿದ್ದರು. ಈಗ ಅಲ್ಲೇ ಬಂಕಾಪುರದಲ್ಲಿ 332 ಹೆಕ್ಟೇರ್ ತೋಳಧಾಮ ಆಗಿದೆ. ವಿಸ್ಕಾನ್ಸಿನ್‌ನಲ್ಲಿ ಕರು ಕಳೆದುಕೊಂಡ ರೈತನ ಸಿಟ್ಟೂ ಸುಳ್ಳಲ್ಲ. ಆದರೆ ಆ ಮೂರು ದಿನ ಹೊಡೆದ ತೋಳಗಳಲ್ಲಿ ಕರು ತಿಂದದ್ದು ಯಾವುದು ಅಂತ ನಾಯಿಗೇನು ಗೊತ್ತು?

1957ರವರೆಗೂ ಇದೇ ರಾಜ್ಯ ತೋಳದ ತಲೆಗೆ ಬಹುಮಾನ ಕೊಡುತ್ತಿತ್ತು. 1960ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. 70ರ ದಶಕದಲ್ಲಿ ಪಕ್ಕದ ಮಿನ್ನೆಸೋಟದಿಂದ ಅವು ತಾವಾಗಿಯೇ ನಡೆದು ಬಂದವು. 2022ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅವುಗಳನ್ನು ಮತ್ತೆ ಪಟ್ಟಿಗೆ ಸೇರಿಸಿದರು.

ಅದರ ಮುಂದಿನ ಚಳಿಗಾಲ ಸುಪೀರಿಯರ್ ಸರೋವರದ ಕಡೆ ಹೋಗಿದ್ದೆ. ಕಾಡಿನ ದಾರಿಯಲ್ಲಿ, ಹಿಮದ ಮೇಲೆ ನೂಲು ಹಿಡಿದಂತೆ ನೇರ ಹೋದ ಹೆಜ್ಜೆಗಳು. ಕೈಗವಸು ಬಿಚ್ಚಿ ಪಕ್ಕದಲ್ಲಿ ಅಂಗೈ ಊರಿದೆ. ಹೆಚ್ಚುಕಡಿಮೆ ಅಂಗೈಯಗಲ. ಫೋಟೋ ತೆಗೆದು ಊರಿನ ಕಾಕಾಗೆ ಕಳಿಸಿದೆ.

"ನಾಯೀದಾ?"

"ಅಲ್ಲ ಕಾಕಾ, ತೋಳದ್ದು."

ಸ್ವಲ್ಪ ಹೊತ್ತು ಸುದ್ದಿಯಿಲ್ಲ. ಆಮೇಲೆ ಬಂತು: "ಯಪ್ಪಾ! ಇದರ ಪಾಲಿಗೆ ಎಷ್ಟು ಕುರಿ ಬೇಕೋ?"