ಅಜ್ಜನ ಬರ್ತ್ ಸರ್ಟಿಫಿಕೇಟ್ ಮೊದಲು, ಉಳಿದದ್ದೆಲ್ಲ ಆಮೇಲೆ: ಬ್ರಿಟನ್ನಿನ ಆನ್ಸೆಸ್ಟ್ರಿ ವೀಸಾ

ಬೆಂಗಳೂರಿನ ದಂಡು ಪ್ರದೇಶ, ವೈಟ್‌ಫೀಲ್ಡ್, ಕೆಜಿಎಫ್, ಹುಬ್ಬಳ್ಳಿಯ ರೈಲ್ವೆ ಕಾಲೊನಿ. ಈ ಕಡೆಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು: ನಮ್ಮ ತಾತ ಇಂಗ್ಲೆಂಡಿನವರು, ಅಲ್ಲಿ ಹೋಗಿ ನೆಲೆಸಲು ನಮಗೆ ವೀಸಾ ಸಿಗುತ್ತದೆಯೇ? ಸಿಗಬಹುದು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರು ಬ್ರಿಟನ್ನಿನ ಆನ್ಸೆಸ್ಟ್ರಿ ವೀಸಾಗೆ, ಅಂದರೆ ಅಜ್ಜ-ಅಜ್ಜಿಯ ಹುಟ್ಟಿನ ಆಧಾರದ ಮೇಲೆ ಕೊಡುವ ವೀಸಾಗೆ, ಅರ್ಜಿ ಹಾಕಬಹುದು. ಐದು ವರ್ಷದ ವೀಸಾ. ಯಾವ ಕಂಪನಿಯ ಸ್ಪಾನ್ಸರ್‌ಶಿಪ್ಪೂ ಬೇಡ, ಕನಿಷ್ಠ ಸಂಬಳದ ಷರತ್ತಿಲ್ಲ, ಅರ್ಜಿಯ ಹಂತದಲ್ಲಿ ಇಂಗ್ಲಿಷ್ ಪರೀಕ್ಷೆಯೂ ಇಲ್ಲ. ಇಷ್ಟು ಉದಾರವಾದ ಕೆಲಸದ ವೀಸಾ ಆ ದೇಶದಲ್ಲಿ ಬೇರೊಂದಿಲ್ಲ.

ಆದರೆ ತಾತ ಇಂಗ್ಲೆಂಡಿನವರಾಗಿದ್ದರೆ ಸಾಲದು, ಅಲ್ಲಿ ಹುಟ್ಟಿರಬೇಕು. ನಾಲ್ವರು ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಯುಕೆಯಲ್ಲಿ, ಚಾನೆಲ್ ದ್ವೀಪಗಳಲ್ಲಿ ಅಥವಾ ಐಲ್ ಆಫ್ ಮ್ಯಾನ್‌ನಲ್ಲಿ ಹುಟ್ಟಿರಬೇಕು. ಇಂದಿನ ಐರ್ಲೆಂಡ್ ಗಣರಾಜ್ಯದ ನೆಲದಲ್ಲಿ ಹುಟ್ಟಿದ್ದರೆ ಆ ಜನನ 1922ರ ಮಾರ್ಚ್ 31ಕ್ಕೆ ಮುಂಚಿನದಾಗಿರಬೇಕು. ಬ್ರಿಟನ್ನಿನಲ್ಲಿ ನೋಂದಣಿಯಾದ ಹಡಗಿನಲ್ಲೋ ವಿಮಾನದಲ್ಲೋ ಹುಟ್ಟಿದ್ದರೂ ಲೆಕ್ಕಕ್ಕೆ ಬರುತ್ತದೆ. ಮುತ್ತಜ್ಜನ ಹುಟ್ಟು ಲೆಕ್ಕಕ್ಕಿಲ್ಲ. ಬ್ರಿಟಿಷ್ ದಂಪತಿಗೆ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿದ ಅಜ್ಜನೂ ಲೆಕ್ಕಕ್ಕಿಲ್ಲ. ಇಲ್ಲಿನ ಬಹುಪಾಲು ಕುಟುಂಬಗಳ ಆಸೆ ಮುರಿದುಬೀಳುವುದು ಇಲ್ಲಿಯೇ. ಅವರ ಬ್ರಿಟಿಷ್ ಹಿರಿಯರು ನಾಲ್ಕೈದು ತಲೆಮಾರಿನ ಹಿಂದೆಯೇ ಭಾರತಕ್ಕೆ ಬಂದವರು. ಹಾಗಾಗಿ ಏಜೆಂಟರಿಗೆ ದುಡ್ಡು ಕೊಡುವ ಮೊದಲು, ಫಾರಂ ತೆರೆಯುವ ಮೊದಲು, ಆ ಒಂದು ಜನನ ದಾಖಲೆ ಕೈಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳಿ.

ಹುಡುಕುವುದು ಕಷ್ಟವೇನಲ್ಲ, ತಾಳ್ಮೆ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ, ಸ್ಕಾಟ್ಲೆಂಡಿನಲ್ಲಿ 1855ರಲ್ಲಿ, ಐರ್ಲೆಂಡಿನಲ್ಲಿ 1864ರಲ್ಲಿ. ಮೂರಕ್ಕೂ ಬೇರೆ ಬೇರೆ ಕಚೇರಿಗಳಿವೆ. ಇಂಗ್ಲೆಂಡಿನ ದಾಖಲೆಗಳಿಗೆ ಜನರಲ್ ರಿಜಿಸ್ಟರ್ ಆಫೀಸ್, ಅಂದರೆ ಜಿಆರ್‌ಒ. ಸ್ಕಾಟ್ಲೆಂಡಿಗೆ ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಜಾಲತಾಣ. ಇಂಗ್ಲೆಂಡಿನ ಜನನ ನೋಂದಣಿಗಳ ಸೂಚಿಯನ್ನು (ಇಂಡೆಕ್ಸ್) ಫ್ರೀಬಿಎಂಡಿ ಎಂಬ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.

ಸೂಚಿ ಇರುವುದು ಮೂರು ಮೂರು ತಿಂಗಳ ಕಂತುಗಳಲ್ಲಿ, ಅದೂ ನೋಂದಣಿಯಾದ ದಿನದ ಲೆಕ್ಕದಲ್ಲಿ. ಹುಟ್ಟಿದ 42 ದಿನಗಳೊಳಗೆ ನೋಂದಾಯಿಸಲು ಅವಕಾಶವಿದ್ದುದರಿಂದ ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ಮಾರ್ಚ್ ಕಂತಿನಲ್ಲಿರಬಹುದು. ಊರಿನ ಹೆಸರೂ ದಾರಿ ತಪ್ಪಿಸುತ್ತದೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಕೋಲಾರದ ಚಿನ್ನದ ಗಣಿಗಳಿಗೆ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರಲ್ಲ, ಅವರ ಮನೆಗಳಲ್ಲಿ ಕ್ಯಾಂಬೋರ್ನ್ ಎಂಬ ಊರಿನ ಹೆಸರು ಕೇಳಿಬರುವುದುಂಟು. ಸೂಚಿಯಲ್ಲಿ ಕ್ಯಾಂಬೋರ್ನ್ ಎಂದು ಹುಡುಕಿದರೆ ಸಿಗದು. ಅದು ಸೇರಿದ್ದು ರೆಡ್‌ರುತ್ ನೋಂದಣಿ ಜಿಲ್ಲೆಗೆ, ಆ ಹೆಸರಿನಲ್ಲೇ ನೋಡಬೇಕು. ಒಂದೇ ಹೆಸರಿನವರು ಹಲವರಿದ್ದರೆ ತಾಯಿಯ ತವರಿನ ಮನೆಹೆಸರಿನಿಂದ ಗುರುತು ಹಿಡಿಯಿರಿ. ಹಳೆಯ ಸೂಚಿಯಲ್ಲಿ ಅದು 1911ರ ಸೆಪ್ಟೆಂಬರ್ ಕಂತಿನಿಂದ ಮಾತ್ರ ಇದೆ. ಜಿಆರ್‌ಒ ತನ್ನ ತಾಣದಲ್ಲಿ ಕೊಡುವ ಸೂಚಿಯಲ್ಲಿ ಅದಕ್ಕೂ ಹಿಂದಿನವರಿಗೂ ಇದೆ.

ನಮೂದು ಸಿಕ್ಕಿತೆಂದರೆ ಪೂರ್ಣ ಪ್ರಮಾಣಪತ್ರವನ್ನೇ ತರಿಸಿ. 1947ರಿಂದ ಕೊಡುತ್ತಿರುವ ಚಿಕ್ಕ ಪ್ರತಿಯಲ್ಲಿ ತಂದೆತಾಯಿಯ ಹೆಸರಿರುವುದಿಲ್ಲ, ವೀಸಾಗೆ ಅದು ನಡೆಯದು. ಪ್ರಮಾಣಪತ್ರ ಇಂಗ್ಲೆಂಡಿನಿಂದ ಬಂತೆಂದು ನಿಶ್ಚಿಂತರಾಗಲೂಬೇಡಿ. ಬ್ರಿಟಿಷ್ ಸೇನೆಯವರ ಮಕ್ಕಳು ಭಾರತದಲ್ಲಿ ಹುಟ್ಟಿದಾಗ ಆ ಜನನಗಳು ಜಿಆರ್‌ಒದ ಸೇನಾ ದಾಖಲೆಗಳಿಗೂ ಹೋಗಿವೆ. ಕಾಗದ ಅಲ್ಲಿನದು, ಮೊಹರು ಅಲ್ಲಿನದು, ಹುಟ್ಟಿದ ಸ್ಥಳದ ಕಾಲಂನಲ್ಲಿ ಮಾತ್ರ ಬೆಂಗಳೂರು. ಅದು ಉಪಯೋಗಕ್ಕೆ ಬಾರದು.

ಇನ್ನು ಅಜ್ಜನಿಂದ ನಿಮ್ಮವರೆಗಿನ ಕೊಂಡಿ. ಮೂರು ಜನನ ಪತ್ರ, ಎರಡು ಮದುವೆ ಪತ್ರ: ಅಜ್ಜ ಅಥವಾ ಅಜ್ಜಿಯದು, ಅವರ ಮಗ ಅಥವಾ ಮಗಳಾದ ನಿಮ್ಮ ತಂದೆ ಇಲ್ಲವೇ ತಾಯಿಯದು, ನಿಮ್ಮದು, ಜೊತೆಗೆ ಅಜ್ಜ-ಅಜ್ಜಿಯ ಮತ್ತು ತಂದೆ-ತಾಯಿಯ ಮದುವೆಗಳದ್ದು. ಮದುವೆಯಾಗದೆ ಹುಟ್ಟಿದ ಮಕ್ಕಳ ಮೂಲಕವೂ, ಕಾನೂನುಬದ್ಧವಾಗಿ ದತ್ತು ಪಡೆದವರ ಮೂಲಕವೂ ಹಕ್ಕು ಬರುತ್ತದೆ. ಮಲತಂದೆ, ಮಲತಾಯಿಯ ಮೂಲಕ ಬರುವುದಿಲ್ಲ. ಹಾಗಿದ್ದಮೇಲೆ ಮದುವೆ ಪತ್ರ ಯಾಕೆ ಎಂದರೆ, ಹೆಂಗಸರ ಮನೆಹೆಸರು ಬದಲಾದದ್ದನ್ನು ತೋರಿಸುವುದು ಅದೊಂದೇ.

ಈ ಸರಪಳಿಯಲ್ಲಿ ಹೆಚ್ಚಾಗಿ ಕೈಕೊಡುವುದು ನಡುವಿನ ತಲೆಮಾರು. 1930, 40ರ ದಶಕದಲ್ಲಿ ಇಲ್ಲಿ ಹುಟ್ಟಿದ ಅನೇಕರಿಗೆ ಸರ್ಕಾರಿ ಜನನ ನೋಂದಣಿಯೇ ಇಲ್ಲ, ಇರುವುದು ಚರ್ಚಿನ ಬ್ಯಾಪ್ಟಿಸಂ ದಾಖಲೆ. ಮೊದಲು ಪಾಲಿಕೆ, ಪುರಸಭೆ ಅಥವಾ ತಾಲೂಕು ಕಚೇರಿಯಲ್ಲಿ ಹುಡುಕಿಸಿ. ಸಿಗದಿದ್ದರೆ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ಬರೆಸಿಕೊಳ್ಳಿ. ಅದರ ಜೊತೆಗೆ ಚರ್ಚಿನ ರಿಜಿಸ್ಟರಿನಿಂದ ಪಾದ್ರಿಗಳು ಸಹಿ ಹಾಕಿದ ನಕಲು, ಶಾಲೆಯ ಟಿಸಿ, ರೈಲ್ವೆ ಅಥವಾ ಗಣಿಯ ಸರ್ವಿಸ್ ರಿಜಿಸ್ಟರ್, ಹಳೆಯ ಪಾಸ್‌ಪೋರ್ಟ್, ಹೀಗೆ ಆ ಕಾಲದಲ್ಲೇ ಬರೆದ ಕಾಗದಗಳನ್ನು ಕೂಡಿಸಿ. ಈಗ ತಡ ನೋಂದಣಿ ಮಾಡಿಸುವ ದಾರಿಯೂ ಇದೆ. 2023ರ ತಿದ್ದುಪಡಿಯಾದ ಮೇಲೆ ಒಂದು ವರ್ಷ ಮೀರಿದ ಜನನಗಳಿಗೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದರೆ ಎಂಬತ್ತು ವರ್ಷದ ಹಿಂದಿನ ಹುಟ್ಟಿಗೆ ನಿನ್ನೆ ಮೊನ್ನೆ ಮಾಡಿಸಿದ ಸರ್ಟಿಫಿಕೇಟನ್ನಷ್ಟೇ ಇಟ್ಟರೆ ಅಧಿಕಾರಿ ಅನುಮಾನಿಸುವುದು ಸಹಜ. ಅದು ಎಂದಿಗೂ ಒಂಟಿಯಾಗಿ ಹೋಗಬಾರದು.

ಚರ್ಚಿನ ಮೂಲ ಪುಸ್ತಕ ಹಾಳಾಗಿದ್ದರೂ ದಾರಿಯಿದೆ. ಬ್ರಿಟಿಷರ ಕಾಲದಲ್ಲಿ ಬ್ಯಾಪ್ಟಿಸಂ, ಮದುವೆ, ಸಮಾಧಿಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬೆಂಗಳೂರು, ಕೆಜಿಎಫ್, ಬಳ್ಳಾರಿ, ಮಂಗಳೂರಿನವರು ಮದ್ರಾಸಿನ ಸರಣಿಯಲ್ಲಿ ಹುಡುಕಬೇಕು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು ಬಾಂಬೆಯ ಸರಣಿಯಲ್ಲಿ. ಫೈಂಡ್‌ಮೈಪಾಸ್ಟ್ ತಾಣದಲ್ಲಿ ಇವುಗಳ ಚಿತ್ರಗಳು ಹಣ ಕೊಟ್ಟವರಿಗೆ ಸಿಗುತ್ತವೆ.

ಹೆಸರಿನ ಗೊಂದಲವನ್ನು ಅರ್ಜಿಗೆ ಮೊದಲೇ ಬಿಡಿಸಿಕೊಳ್ಳಿ. ಜನನ ಪತ್ರದಲ್ಲಿ ಆಲ್ಬರ್ಟ್, ಮದುವೆ ಪತ್ರದಲ್ಲಿ ಬರ್ಟೀ, ಮಗನ ಶಾಲಾ ದಾಖಲೆಯಲ್ಲಿ ಬರೀ ಇನಿಷಿಯಲ್. ಒಬ್ಬರೇ ಎಂದು ನಿಮಗೆ ಗೊತ್ತು, ಅಧಿಕಾರಿಗೆ ಗೊತ್ತಿಲ್ಲ. ನೋಟರಿ ಅಫಿಡವಿಟ್ ಒಂದು ಮಟ್ಟಿಗೆ ನೆರವಾಗುತ್ತದೆ, ಆದರೆ ಎರಡೂ ಹೆಸರು ಒಟ್ಟಿಗೆ ಇರುವ ಹಳೆಯ ಕಾಗದ ಒಂದಿದ್ದರೆ ಹತ್ತು ಅಫಿಡವಿಟ್‌ಗಿಂತ ಮೇಲು. ಕನ್ನಡದಲ್ಲಷ್ಟೇ ಇರುವ ಹಳೆಯ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಕಡ್ಡಾಯ. ಅದರಲ್ಲಿ ಅನುವಾದ ಸರಿಯಾಗಿದೆ ಎಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇರಬೇಕು.

ಕಾಗದಗಳು ಕೂಡಿದ ಮೇಲೆ ಉಳಿಯುವುದು ಎರಡು ಮುಖ್ಯ ಪ್ರಶ್ನೆ. ಒಂದು, ನೀವು ಅಲ್ಲಿ ಕೆಲಸ ಮಾಡುವ ಉದ್ದೇಶ ಮತ್ತು ಶಕ್ತಿ ಇರುವವರೇ? ಕೆಲಸದ ಆಫರ್ ಇರಲೇಬೇಕೆಂದಿಲ್ಲ. ಬಯೋಡೇಟಾ, ಅಲ್ಲಿನ ಕಂಪನಿಗಳಿಗೆ ಹಾಕಿದ ಅರ್ಜಿಗಳು, ಬಂದ ಉತ್ತರಗಳು, ಸ್ವಂತ ವ್ಯವಹಾರವಾದರೆ ಅದರ ಯೋಜನೆ, ಇವನ್ನು ಕೊಡಿ. ವಯಸ್ಸಿಗೆ ಮೇಲ್ಮಿತಿ ಇಲ್ಲ, ಅಲ್ಲಿಗೆ ಕಾಲಿಡುವಾಗ 17 ತುಂಬಿದ್ದರೆ ಸಾಕು. ಆದರೆ ನಿವೃತ್ತರು ಈ ಭಾಗವನ್ನು ಖಾಲಿ ಬಿಟ್ಟರೆ ತಿರಸ್ಕಾರಕ್ಕೆ ತಾವೇ ಕಾರಣ ಒದಗಿಸಿದಂತೆ. ಎರಡು, ಸರ್ಕಾರದ ನೆರವಿಲ್ಲದೆ ಬದುಕಲು ಹಣವಿದೆಯೇ? ಇಂತಿಷ್ಟೇ ಎಂಬ ಮೊತ್ತವಿಲ್ಲ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಅರ್ಜಿಯ ಹಿಂದಿನ ವಾರ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಎಲ್ಲಿಂದ ಬಂತೆಂಬುದಕ್ಕೆ ದಾಖಲೆ ಬೇಕು. ಅಲ್ಲಿರುವ ನೆಂಟರು ಮನೆಯಲ್ಲಿ ಜಾಗ ಕೊಡುತ್ತಾರಾದರೆ ಅವರ ಪತ್ರ ಮತ್ತು ಮನೆಯ ದಾಖಲೆ ಜೊತೆಗಿರಲಿ.

ನಿಜವಾದ ಹೊರೆ ಖರ್ಚಿನದು. ಅರ್ಜಿ ಶುಲ್ಕ ಏಳುನೂರು ಪೌಂಡಿನ ಆಸುಪಾಸು. ಅದಕ್ಕಿಂತ ದೊಡ್ಡದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟಬೇಕಾದ ಆರೋಗ್ಯ ಸರ್ಚಾರ್ಜ್: 2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18ರೊಳಗಿನ ಮಕ್ಕಳಿಗೆ 776. ಐದು ವರ್ಷದ್ದನ್ನೂ ಮುಂಗಡವಾಗಿ ಒಂದೇ ಸಲ ಕಟ್ಟಬೇಕು. ಗಂಡ, ಹೆಂಡತಿ, ಒಂದು ಮಗುವಿಗೆ ಸರ್ಚಾರ್ಜ್ ಒಂದೇ 14,230 ಪೌಂಡ್. ಅರ್ಜಿ ತಿರಸ್ಕಾರವಾದರೆ ಸರ್ಚಾರ್ಜ್ ಹಿಂದಿರುಗುತ್ತದೆ, ಅರ್ಜಿ ಶುಲ್ಕ ಹಿಂದಿರುಗದು.

ಭಾರತದಿಂದ ಹೋಗುವವರಿಗೆ ಕ್ಷಯದ ತಪಾಸಣೆಯೂ ಕಡ್ಡಾಯ. ಬ್ರಿಟನ್ ಸರ್ಕಾರದ ಪಟ್ಟಿಯಲ್ಲಿರುವ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಬೇರೆಡೆಯ ಎಕ್ಸ್‌ರೇ ನಡೆಯದು. ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಷ್ಯ. ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಕಫದ ಕಲ್ಚರ್ ಮಾಡಿಸುತ್ತಾರೆ, ಅದಕ್ಕೆ ಎರಡು ತಿಂಗಳು ಹಿಡಿಯಬಹುದು. ಹಾಗಾಗಿ ಹಳೆಯ ದಾಖಲೆಗಳೆಲ್ಲ ಕೈಸೇರಿದ ಮೇಲೆಯೇ ಈ ತಪಾಸಣೆಗೆ ಹೋಗಿ.

ಅರ್ಜಿ ಆನ್‌ಲೈನ್, ಪ್ರಯಾಣಕ್ಕೆ ಮುಂಚಿನ ಮೂರು ತಿಂಗಳೊಳಗೆ. ಅದು ಬ್ರಿಟನ್ನಿನ ಹೊರಗಿನಿಂದಲೇ ಆಗಬೇಕು. ವಿಸಿಟ್ ವೀಸಾದಲ್ಲೋ ಸ್ಟೂಡೆಂಟ್ ವೀಸಾದಲ್ಲೋ ಅಲ್ಲಿದ್ದುಕೊಂಡು ಇದಕ್ಕೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಬೆರಳಚ್ಚು ಮತ್ತು ಫೋಟೋ ವೀಸಾ ಕೇಂದ್ರದಲ್ಲಿ ಕೊಡಬೇಕು. ಅನುಮತಿ ಈಗ ಇ-ವೀಸಾ ರೂಪದಲ್ಲಿ ಸಿಗುವುದರಿಂದ ಮುಂದೆ ಪಾಸ್‌ಪೋರ್ಟ್ ನವೀಕರಿಸಿದರೆ ಹೊಸ ನಂಬರನ್ನು ಇ-ವೀಸಾದ ಆನ್‌ಲೈನ್ ಖಾತೆಗೆ ಸೇರಿಸಬೇಕು. ಮರೆತರೆ ವಿಮಾನ ಹತ್ತುವಾಗ ತಡೆಯುತ್ತಾರೆ. ಅಮೆರಿಕದ ಪೌರತ್ವ ಪಡೆದ ಅಣ್ಣ-ತಮ್ಮಂದಿರಿಗೆ ಅಜ್ಜ ಅದೇ ಆದರೂ ಈ ವೀಸಾ ಇಲ್ಲ, ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಇದ್ದರೂ ಇಲ್ಲ. ಕೆನಡಾ, ಆಸ್ಟ್ರೇಲಿಯಾದ ಪೌರರಾದವರಿಗೆ ಇದೆ.

ಐದು ವರ್ಷ ಮುಗಿದಾಗ ವೀಸಾ ವಿಸ್ತರಿಸಬಹುದು, ಇಲ್ಲವೇ ಕಾಯಂ ವಾಸದ ಅನುಮತಿ ಕೇಳಬಹುದು. ಇಂಗ್ಲಿಷ್ ಪರೀಕ್ಷೆ, ಬ್ರಿಟನ್ನಿನ ಇತಿಹಾಸ, ಜನಜೀವನದ ಬಗ್ಗೆ 24 ಪ್ರಶ್ನೆಗಳ ಲೈಫ್ ಇನ್ ದ ಯುಕೆ ಪರೀಕ್ಷೆ ಆಗ ಬರುತ್ತವೆ. ಯಾವ 12 ತಿಂಗಳಲ್ಲೂ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಈ ಹಂತದ ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನದ ನಿಯಮವನ್ನೇ ನೋಡಿ. ಕಾಯಂ ವಾಸದಲ್ಲೇ ನಿಂತರೆ ಭಾರತದ ಪಾಸ್‌ಪೋರ್ಟ್ ಉಳಿಯುತ್ತದೆ, ಆದರೆ ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗಿದ್ದರೆ ಆ ಅನುಮತಿ ಹೋಗುತ್ತದೆ. ಬ್ರಿಟಿಷ್ ಪೌರತ್ವ ತೆಗೆದುಕೊಂಡರೆ ಭಾರತದ ಪೌರತ್ವ ಅಂದೇ ಕೊನೆಯಾಗುತ್ತದೆ. ಆಮೇಲೆ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಮಾಡಿಸಿಕೊಳ್ಳಬಹುದು, ಅದರಲ್ಲಿ ಇಲ್ಲಿ ಮತ ಹಾಕುವ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವ ಹಕ್ಕಿಲ್ಲ. ಊರಲ್ಲಿ ಹೊಲ-ತೋಟ ಕೊಳ್ಳುವ ಇರಾದೆ ಇರುವವರು ಪೌರತ್ವದ ಅರ್ಜಿಗೆ ಸಹಿ ಹಾಕುವ ಮೊದಲೇ ಅದನ್ನು ಮುಗಿಸಿಕೊಳ್ಳಬೇಕು.