ನ್ಯೂಯಾರ್ಕ್ ವಠಾರದ ಮಾದರಿ: ಆರನೇ ವಾರ

ಮೂರು ಸಲ ಕತ್ತರಿಸಿ ಬಿಸಾಡಿದ ಮೇಲೆ ಅಂತೂ ಏರ್ ಶಾಫ್ಟ್, ಅಂದರೆ ಪಕ್ಕಪಕ್ಕದ ಕಟ್ಟಡಗಳ ನಡುವೆ ಗಾಳಿ ಬೆಳಕಿಗೆ ಬಿಟ್ಟ ಕಿರಿದಾದ ಸಂದು, ನಿಂತಿತು. ಮೊದಲೆರಡು ಸಲ ಅಂಟು ಜಾಸ್ತಿಯಾಗಿ ಗೋಡೆ ಸೊಟ್ಟಗಾಗಿತ್ತು.

ಕಟ್ಟುತ್ತಿರುವುದು 1880ರ ದಶಕದ ನ್ಯೂಯಾರ್ಕಿನ ‘ಡಂಬೆಲ್’ ವಠಾರ (ಡಂಬೆಲ್‌ನಂತೆ ನಡು ಕಿರಿದಾದ ಕಟ್ಟಡ), 1:48 ಅಳತೆಯಲ್ಲಿ. ಪತ್ರಕರ್ತ ಜೇಕಬ್ ರೀಸ್ ಕ್ಯಾಮೆರಾ ಹಿಡಿದು ಹೊಕ್ಕ ಲೋಕವಿದು. 25 ಅಡಿ ಅಗಲ, 100 ಅಡಿ ಉದ್ದದ ನಿವೇಶನ ನನ್ನ ಮೇಜಿನ ಮೇಲೆ ಆರೂಕಾಲು ಇಂಚಿಗೆ 25 ಇಂಚು. ಮಹಡಿಗೆ ನಾಲ್ಕು ಸಂಸಾರ, 14 ಕೋಣೆ. ಬೀದಿಯ ಅಥವಾ ಹಿತ್ತಲಿನ ಬೆಳಕು ನೇರವಾಗಿ ಸಿಗುತ್ತಿದ್ದದ್ದು ನಾಲ್ಕು ಕೋಣೆಗೆ ಮಾತ್ರ. ಮಲಗುವ ಕೋಣೆಗಳಿಗೆಲ್ಲ ಕಿಟಕಿ ಬೇಕೆಂದು 1879ರ ಕಾನೂನು ಹೇಳಿತ್ತು. ಮಾಲೀಕರು ಈ ಶಾಫ್ಟಿನ ಕಡೆಗೆ ಕಿಟಕಿ ಇಟ್ಟು ಕೈತೊಳೆದುಕೊಂಡರು. 1901ರ ಕಾನೂನು ಬರುವವರೆಗೂ ಇಂಥವು ಏಳುತ್ತಲೇ ಇದ್ದವು.

ಒಂದು ಕಟ್ಟಡದ ಪಾಲಿಗೆ ಶಾಫ್ಟಿನ ಅಗಲ ಸುಮಾರು 28 ಇಂಚು, ನನ್ನ ಮಾದರಿಯಲ್ಲಿ 15 ಮಿಲಿಮೀಟರ್. ಪಕ್ಕದ ಕಟ್ಟಡದ ಗೋಡೆಯನ್ನೂ ನಿಲ್ಲಿಸಿ, ರಾತ್ರಿ ದೀಪ ಆರಿಸಿ, ಮೇಲಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಐದನೇ ಮಹಡಿಯ ಕಿಟಕಿಗೆ ಬೆಳಕು ಬಿತ್ತು. ನಾಲ್ಕರಲ್ಲಿ ಮಬ್ಬು. ಅದರ ಕೆಳಗೆ ಏನೂ ಕಾಣಲಿಲ್ಲ. 1877ರಿಂದ ಪೊಲೀಸ್ ವರದಿಗಾರರಾಗಿ ಈ ಬೀದಿಗಳನ್ನು ಸುತ್ತಿದ ರೀಸ್, 1887ರಲ್ಲಿ ಜರ್ಮನಿಯ ಮೆಗ್ನೀಸಿಯಂ ಪುಡಿಯ ಸುದ್ದಿ ಓದಿ ಯಾಕೆ ಅಷ್ಟು ಹಿಗ್ಗಿದರು ಎಂದು ಆಗ ಅರ್ಥವಾಯಿತು. ಬಾಣಲೆಯಲ್ಲಿ ಪುಡಿ ಸುರಿದು ಹೊತ್ತಿಸಿ, ಆ ಒಂದು ಕ್ಷಣದ ಬೆಳಕಲ್ಲಿ ಫೋಟೊ ತೆಗೆಯುತ್ತಿದ್ದರು.

ಒಂದು ಮಾತು ಹೇಳಲೇಬೇಕು. ಚೀನೀಯರ ಬಗ್ಗೆ, ಯಹೂದಿಗಳ ಬಗ್ಗೆ ರೀಸ್ ಬರೆದದ್ದು ಓದಿದರೆ ಮನಸ್ಸು ಕಹಿಯಾಗುತ್ತದೆ. ನಿದ್ದೆಯಲ್ಲಿದ್ದವರ ಫೋಟೊ ತೆಗೆಯುವಾಗ ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಮಾದರಿಯ ಪಕ್ಕದ ಫಲಕದಲ್ಲಿ ಇದನ್ನೂ ಬರೆಯುತ್ತೇನೆ.

ಬೇಯಾರ್ಡ್ ಬೀದಿಯ ಕೋಣೆಯನ್ನು ಬೇರೆಯಾಗಿ ಮಾಡಿದ್ದೇನೆ. ತಲೆಗೆ ಐದು ಸೆಂಟ್ ಕೊಟ್ಟು ಮಲಗುವ ಜಾಗ. ಉದ್ದಗಲ 13 ಅಡಿಯೂ ಇಲ್ಲ, ಒಳಗೆ 12 ಜನ ಗಂಡಸರು ಹೆಂಗಸರು. ಜೇಡಿಮಣ್ಣಿನಲ್ಲಿ ಒಂದೂವರೆ ಇಂಚಿಗೂ ಕಮ್ಮಿಯ 12 ಬೊಂಬೆ ಮಾಡಿದೆ. ಮೂರನ್ನು ಅಟ್ಟಣೆಯಲ್ಲಿ, ಒಂಬತ್ತನ್ನು ನೆಲದಲ್ಲಿ ಮಲಗಿಸಿ, ಗಂಟುಮೂಟೆ ಜೋಡಿಸಿದ ಮೇಲೆ ಬೆರಳೂರಲು ಜಾಗ ಹುಡುಕಬೇಕಾಯಿತು. ಕೆಲವನ್ನು ಮಗ್ಗುಲಿಗೆ ತಿರುಗಿಸಿದೆ.

ಅಲ್ಲಿ ಮಂಕಾಗಿ ಉರಿಯುತ್ತಿದ್ದ ಸೀಮೆಎಣ್ಣೆ ದೀಪಕ್ಕೆ ಹಳದಿ ಎಲ್‌ಇಡಿ ತಂದಿದ್ದೇನೆ. ಪಕ್ಕದ ಕೋಣೆಯಿಂದ ಮಗುವಿನ ಅಳು ಕೇಳುತ್ತಿತ್ತೆಂದೂ ರೀಸ್ ಬರೆದಿದ್ದಾರೆ. ಮುಂದಿನ ವಾರ ಆ ಕೋಣೆ ಕಟ್ಟಬೇಕು.